ಕಾಫಿ ಕಣದಲ್ಲಿ ಅಜ್ಜಿಯ ಜಪ

ಒಣಗುವ ಕಾಫಿ ಹಣ್ಣಿನ ಹುಳಿವಾಸನೆ ಬಂದರೆ ಇಂದಿಗೂ ನನ್ನ ಕೈ ತಾನಾಗಿ ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಒಯ್ಯುತ್ತದೆ.

ಅಪ್ಪ ತೀರಿಕೊಂಡ ವರ್ಷ ಅದು. ಹೆಗ್ಗದ್ದೆಯ ಎಸ್ಟೇಟ್ ಕಣದಲ್ಲಿ ಅಜ್ಜಿ ಕೊರಳಲ್ಲಿ ಶಿಲುಬೆಯ ಜಪಸರ ಹಾಕಿಕೊಂಡು, ಒಣಹಾಕಿದ ಕಾಫಿ ಹಣ್ಣನ್ನು ಬರಿಗಾಲಲ್ಲಿ ತಿರುವುತ್ತಾ ಪ್ರಾರ್ಥನೆ ಹೇಳುತ್ತಿದ್ದಳು. ಅಪ್ಪನನ್ನು ಉಳಿಸದ ದೇವರ ಮೇಲೆ ನನಗೆ ಸಿಟ್ಟು.

"ನಿಂಗೆ ಚರ್ಚಲ್ಲಿ ಜ್ಞಾನಸ್ನಾನ ಆಗೈತಲ್ಲಜ್ಜಿ, ಸ್ವರ್ಗ ಸಿಕ್ಕೇ ಸಿಗ್ತೈತೆ. ಇನ್ನೂ ಯಾಕೆ ದಿನಾ ದೇವರನ್ನ ಕರೀತೀಯ?"

"ಹಣ್ಣು ಕುಯ್ದಾಯ್ತು ಅಂತ ಇವತ್ತೇ ಚೀಲ ಕಟ್ಟಿದ್ರೆ ಬೂಷ್ಟು ಹಿಡಿಯಲ್ವೇನವ್ವಾ?"

ಅಜ್ಜಿ ಒಂದು ಹಿಡಿ ಹಣ್ಣನ್ನು ನನ್ನ ಕಿವಿಯ ಬಳಿ ಅಲ್ಲಾಡಿಸಿದಳು. ಒಣಗಿದ್ದರೆ ಒಳಗಿನ ಬೀಜ ಗಲಗಲ ಅನ್ನಬೇಕು. ಸದ್ದೇ ಇಲ್ಲ.

"ಹಾಗಾದ್ರೆ ನೀನು?" ಎಂದೆ.

ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು.

"ನಾನೂ ಇನ್ನೂ ಹಸೀನೇ ಕಣವ್ವಾ. ಬಾ, ಬಿಸಿಲೈತೆ, ತಿರುವೋಣ."