ಬಾಯಿಗೆ ಬಾರದ ಹಡಗು

ಹಡಗಿಗೆ ಜನ ಕಳಿಸುವ ಏಜೆಂಟರ ಲೈಸೆನ್ಸ್ ಮುಗಿದಿದ್ದರೆ, ಹಡಗಿನ ಹೆಸರು ಅವರ ಬಾಯಿಂದ ಹೊರಡುವುದಿಲ್ಲ. ಅದಕ್ಕೇ ಮಂಗಳೂರು ಬಂದರಿನಲ್ಲಿ ನಾವು ಹೆಸರು ಹೇಳಿಸಿಯೇ ಪಾಸ್‌ಪೋರ್ಟ್ ಕೊಡುವುದು. ಹೇಳಿಸದೆ ಹೋದ ನೆರೆಮನೆಯ ಸುಜಿತ್ ಯಾವುದೋ ದೇಶದಲ್ಲಿ, ಲಂಗರು ಹಾಕಿದ ಹಡಗಿನಲ್ಲೇ ಸಂಬಳವಿಲ್ಲದೆ ಕೂತಿದ್ದಾನೆ.

ಇವತ್ತು ಹಡಗಿನ ಕೆಲಸಕ್ಕೆ ಹೊರಟ ಯಶೋಧರಣ್ಣನ ಜೊತೆ ಏಜೆಂಟರ ಆಫೀಸಿಗೆ ನಾನೂ ಹೋಗಿದ್ದೆ. ಏಜೆಂಟ್ ಡೆಂಜಿಲ್ ಸರ್ ಚಹಾ ತರಿಸಿದರು, ಸೆಕೆಯ ಬಗ್ಗೆ ಮಾತಾಡಿದರು, ಪಾಸ್‌ಪೋರ್ಟಿಗೆ ಕೈ ಚಾಚಿದರು. ಅಣ್ಣ ಹೆಸರು ಕೇಳಲೇ ಇಲ್ಲ. ದೊಡ್ಡವರ ನಡುವೆ ಬಾಯಿ ಹಾಕಲು ನನಗೆ ಸಂಕೋಚ. ಅವನ ಅಂಗಿಯ ತುದಿ ಎಳೆದೆ.

“ಹೆಸರೊಂದು ಹೇಳಿ ಸರ್,” ಎಂದ ಅಣ್ಣ.

ಡೆಂಜಿಲ್ ಸರ್ ಬಾಯಿ ತೆರೆದರು. ಹೆಸರು ಹೊರಡಲಿಲ್ಲ. “ಗಂಟಲು ಸರಿ ಇಲ್ಲ ಮಾರಾಯ,” ಎಂದು, ಕೆಲಸಕ್ಕಾಗಿ ಬೆಂಚಿನಲ್ಲಿ ಕಾಯುತ್ತಾ ಪೇಪರ್ ಓದುತ್ತಿದ್ದ ಹಿರಿಯ ನಾವಿಕರೊಬ್ಬರಿಗೆ ಹಡಗಿನ ಹೆಸರು ಬರೆದ ಚೀಟಿ ಚಾಚಿದರು. “ಮೋನು ಬ್ಯಾರಿಗಳೇ, ಇದೊಂದು ಓದಿ. ನಿಮ್ಮ ಕೆಲಸವೂ ಆಯ್ತು ಅಂತ ತಿಳ್ಕೊಳ್ಳಿ.”

“ಯಾರು ಹೇಳಿದ್ರೂ ಆದೀತು,” ಎಂದ ಅಣ್ಣ, ಆಸೆಯಿಂದ.

ಬ್ಯಾರಿಗಳು ನನ್ನ ಮುಖ ನೋಡಿದರು. “ನನಗೆ ಓದ್ಲಿಕ್ಕೆ ಬರುವುದಿಲ್ಲ ಸರ್,” ಎಂದು ಪೇಪರಿನ ಪುಟ ಮಗುಚಿದರು.

ಅಣ್ಣನಿಗೆ ಆಗ ಅರ್ಥವಾಯಿತು. ಪಾಸ್‌ಪೋರ್ಟನ್ನು ಕಿಸೆಗೆ ಹಾಕಿಕೊಂಡು ಎದ್ದ. ಬ್ಯಾರಿಗಳೂ ಚೀಲ ಹೆಗಲಿಗೇರಿಸಿದರು.

ಮೆಟ್ಟಿಲಲ್ಲಿ ನಾನು ಬ್ಯಾರಿಗಳಿಗೆ ಕೈ ಮುಗಿದೆ.

“ಅದೆಲ್ಲ ಬೇಡ ಮಗಳೇ,” ಎಂದರು. “ನನಗೂ ಬೇರೆ ಆಫೀಸು ಹುಡುಕ್ಬೇಕಲ್ಲ, ಒಟ್ಟಿಗೇ ಹೋಗುವ.”