ಗೋಡೆಗೊಂದು ಫೋಟೋ

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಹಳೆಯ ವಿದ್ಯಾರ್ಥಿಗಳ ಸಂಘವು ಉಪ್ಪಿಟ್ಟಿಗೆ ಗೋಡಂಬಿ ಹಾಕಿಸುವ ಠರಾವನ್ನು ಸುದೀರ್ಘ ಚರ್ಚೆಯ ನಂತರ ಸರ್ವಾನುಮತದಿಂದ ಅಂಗೀಕರಿಸಿತು. ವಿಶ್ವವಿದ್ಯಾಲಯದ ಬೇಸಿಗೆ ಕೋರ್ಸಿಗೆ ಆಯ್ಕೆಯಾಗಿ ಬಂದ ಹುಡುಗಿಗೆ ಆ ಉಪ್ಪಿಟ್ಟಿನಿಂದಲೇ ಸ್ವಾಗತ.

"ಇದೇ ಯೂನಿವರ್ಸಿಟಿ ಯಾಕಮ್ಮ?" ಅಧ್ಯಕ್ಷರು ಕೇಳಿದರು.

"ನಮ್ಮಮ್ಮ ಓದಿದ್ದು ಇಲ್ಲೇ ಸರ್. ವನಮಾಲ ಅಂತ. ಹೋದ ವರ್ಷ ತೀರ್ಕೊಂಡ್ರು."

ಚಮಚಗಳು ನಿಂತವು.

"ನಮ್ ವನಮಾಲನ್ ಮಗಳಾ ನೀನು!" ಎಂದರು ಅಮ್ಮನ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದ ಸುಗುಣಾ ಮೇಡಂ. "ಇವರಿಗೆಲ್ಲ ನೋಟ್ಸ್ ಬರ್ಕೊಟ್ಟು ಪಾಸ್ ಮಾಡ್ಸಿದ್ದೇ ಅವಳು ಕಣೇ."

ಅಧ್ಯಕ್ಷರೂ ಇಲ್ಲವೆನ್ನಲಿಲ್ಲ.

ಗೋಡಂಬಿಗಿಂತ ಬೇಗ ಇನ್ನೊಂದು ಠರಾವು ಪಾಸಾಯಿತು: ಸಂಘದ ಗೋಡೆಯ ಮೇಲೆ ವನಮಾಲಾಳ ಫೋಟೋ. ಹುಡುಗಿ ಕಣ್ಣೊರೆಸಿಕೊಂಡು ಬ್ಯಾಗಿನಿಂದ ಫೋಟೋ ತೆಗೆದು ಕೊಟ್ಟಳು. ಅಧ್ಯಕ್ಷರ ಕೈಗೆ ಮೊಳೆ, ಸುತ್ತಿಗೆ ಬಂದವು.

ಕಾರ್ಯದರ್ಶಿ ಕೆಮ್ಮಿದರು. "ಗೋಡೆ ಮೇಲೆ ಡಿಗ್ರಿ ಆದವರು ಮಾತ್ರ ಅಂತ ನಿಯಮ ಇದೆ. ಅವಳು ಕೊನೇ ಪೇಪರ್ ಬರೀಲೇ ಇಲ್ವಲ್ಲ?"

"ಇಲ್ಲ ಸರ್, ಬರ್ದಿರ್ತಾರೆ!" ಹುಡುಗಿ ಗಾಬರಿಯಾದಳು. "ಕೊನೇ ಪೇಪರ್ ದಿನ ದೊಡ್ಡ ಬಹುಮಾನ ಸಿಕ್ತು ಅಂತ ಅಮ್ಮ ಯಾವಾಗ್ಲೂ ಹೇಳೋರು. ಏನಮ್ಮಾ ಅದು ಅಂದ್ರೆ ಬರೀ ನಗೋರು."

ಅಧ್ಯಕ್ಷರು ಸುತ್ತಿಗೆಯನ್ನು ಕೆಳಗಿಟ್ಟರು. ಸುಗುಣಾ ಮೇಡಂ ಫೋಟೋವನ್ನು ಹುಡುಗಿಯ ಕೈಗೇ ವಾಪಸು ಕೊಟ್ಟರು.

"ಪರೀಕ್ಷೆ ಹಾಲ್ ಬಾಗಿಲಿಂದ್ಲೇ ಅವಳನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗಿದ್ದು ನಾನೇ ಮಗಳೇ. ಮಧ್ಯಾಹ್ನ ನೀನು ಹುಟ್ದೆ."