ಸೈರನ್ ಕೂಗುವ ಲ್ಯಾಪ್‌ಟಾಪ್

ಹತ್ತು ನಿಮಿಷ ಸತಾಯಿಸಿದ ಮೇಲೆ ಲ್ಯಾಪ್‌ಟಾಪ್ ಕೊನೆಗೂ ಆನ್ ಆಯಿತು. ಆದದ್ದೇ ತಡ, ಅದರೊಳಗಿಂದ ಕಾರ್ಖಾನೆಯ ಸೈರನ್ ಕೂಗಿತು. ಶಿವಮೊಗ್ಗದ ತನ್ನ ರಿಪೇರಿ ಅಂಗಡಿಯಲ್ಲಿ ಕೂತಿದ್ದ ಫರ್ಹೀನ್ ಬೆಚ್ಚಿಬಿದ್ದಳು.

"ಹೆದರ್ಬೇಡಮ್ಮ," ಎಂದರು ಲ್ಯಾಪ್‌ಟಾಪ್ ತಂದಿದ್ದ ಮುರುಗೇಶಪ್ಪ. "ನಾನು ಭದ್ರಾವತಿ ಕಾರ್ಖಾನೇಲಿ ರಿಟೈರ್ ಆದ ದಿನ ರೆಕಾರ್ಡ್ ಮಾಡ್ಕೊಂಡಿದ್ದು. ಆನ್ ಮಾಡಿದ ಕೂಡ್ಲೇ ಕೂಗ್ಲಿ ಅಂತ ಹಾಕ್ಸಿದ್ದೆ. ಈಗ ನೋಡು, ಆನ್ ಆಗೋದೇ ಒಂದು ದೊಡ್ಡ ಕಥೆ ಮಾರಾಯ್ತಿ. ತಾನಾಗೇ ಶುರುವಾಗೋದನ್ನೆಲ್ಲ ತೆಗ್ದ್‌ಹಾಕು. ಅದನ್ನೂ."

ಫರ್ಹೀನ್ ಪಟ್ಟಿ ತೆರೆದು ಬೇಡದ ಹದಿನಾಲ್ಕು ಪ್ರೋಗ್ರಾಮ್‌ಗಳನ್ನು ಆಫ್ ಮಾಡಿದಳು. ಸೈರನ್ ಒಂದು ಉಳಿಯಿತು. ಮೌಸ್ ಮೇಲಿದ್ದ ಅವಳ ಬೆರಳು ಅಲ್ಲೇ ನಿಂತುಬಿಟ್ಟಿತು. ಚಿಕ್ಕವಳಿದ್ದಾಗ ಭದ್ರಾವತಿಯ ನ್ಯೂ ಟೌನ್‌ನ ಕ್ವಾರ್ಟರ್ಸ್‌ನಲ್ಲಿ ಸಂಜೆ ಈ ಸದ್ದು ಕೇಳಿದೊಡನೆ ಅವಳು ಓಡಿಹೋಗಿ ಗೇಟಿನ ಬಳಿ ಕಾಯುತ್ತಿದ್ದಳು. ಪಾಳಿ ಮುಗಿಸಿ ಬಂದ ಅಬ್ಬಾ, ಎಷ್ಟೇ ದಣಿದಿದ್ದರೂ, ಅವಳನ್ನು ಸೈಕಲ್ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹೊಡೆಸಿಯೇ ಒಳಗೆ ಬರುತ್ತಿದ್ದರು. ಅಬ್ಬಾ ಹೋಗಿ ಆರು ವರ್ಷವಾಗಿತ್ತು.

"ಇದು ಇರ್ಲಿ ಸಾರ್. ಇದ್ರಿಂದ ಏನೂ ತಡ ಆಗಲ್ಲ," ಎಂದಳು. ಮೌಸ್‌ನಿಂದ ಕೈ ತೆಗೆದು, "ನಮ್ಮ ಅಬ್ಬಾನೂ ಅಲ್ಲೇ ಕೆಲ್ಸ ಮಾಡ್ತಿದ್ರು," ಎಂದಳು.

ಮುರುಗೇಶಪ್ಪ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಕೂತರು.

"ಹಂಗಾದ್ರೆ ಇನ್ನೊಂದ್ಸಲ ಆನ್ ಮಾಡಮ್ಮ."

ಈ ಸಲ ಅರ್ಧ ನಿಮಿಷವೂ ಹಿಡಿಯಲಿಲ್ಲ. ಸೈರನ್ ಪೂರ್ತಿ ಕೂಗಿ ಮುಗಿಯುವವರೆಗೆ ಇಬ್ಬರೂ ಅದನ್ನೇ ಕೇಳುತ್ತ ಕೂತಿದ್ದರು.